ನಲವತ್ತೆಂಟೋ ಐವತ್ತೊಂದೋ

ವಿರಾಜಪೇಟೆ ಕಡೆಯ ಒಂದು ತೋಟದ ಮನೆ. ಕಕ್ಕಡ ತಿಂಗಳ ಮಳೆ. ಜಗಲಿಯಲ್ಲಿ ಇಬ್ಬರು: ಸೈನ್ಯದಿಂದ ನಿವೃತ್ತರಾಗಿ ತೋಟ ನೋಡಿಕೊಂಡಿರುವ ಸುಬೇದಾರರು, ಮತ್ತು ಜೀವಮಾನವಿಡೀ ಮಕ್ಕಳ ಕೈಗೆ ಹಾಕಿ ಸ್ಟಿಕ್ ಕೊಟ್ಟ ಪಿ.ಟಿ. ಮೇಷ್ಟ್ರು.

ಮೇಷ್ಟ್ರು: ಸುಬೇದಾರ್ರೇ, ಒಂದು ತೀರ್ಮಾನ ಹೇಳಬೇಕು ನೀವು. ನಮ್ಮ ಶಾಲೆಯ ಒಬ್ಬ ಹುಡುಗಿ ಬಾಕ್ಸಿಂಗ್ ಕಲೀತಿದ್ದಾಳೆ. ಹದಿನಾರು ವರ್ಷ, ತೂಕ ಐವತ್ತರ ಆಚೀಚೆ. ಕಲಿಸುವವರಲ್ಲಿ ಒಬ್ಬರು 48 ಕಿಲೋ ವಿಭಾಗಕ್ಕೆ ಇಳಿ ಅಂತಾರೆ, ಇನ್ನೊಬ್ಬರು 51ರಲ್ಲೇ ಇರು ಅಂತಾರೆ. ಅವಳಪ್ಪ ಬಂದು ನನ್ನ ಕೇಳಿದ. ನಾನೇನು ಹೇಳಲಿ? ಹಾಕಿಯಲ್ಲಿ ನಾವು ಯಾರನ್ನೂ ತಕ್ಕಡಿ ಮೇಲೆ ನಿಲ್ಲಿಸಿದವರಲ್ಲ.

ಸುಬೇದಾರರು: ಕೊಡಗಿನಲ್ಲಿ ಹುಟ್ಟಿದವರಿಗೆ ಹಾಕಿ ಬಿಟ್ಟರೆ ಬೇರೆ ಆಟ ಕಣ್ಣಿಗೇ ಬೀಳೋದಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕುಟುಂಬಗಳ ನಡುವಿನ ಹಾಕಿ ಕೂಟ ಶುರು ಮಾಡಿದ ಮೇಲಂತೂ ಕೇಳೋದೇ ಬೇಡ. ಆದರೆ ಇದೇ ಮಣ್ಣಿನ ಚೇನಂಡ ಮಾಚಯ್ಯನವರು ಬಾಕ್ಸಿಂಗ್‌ನಲ್ಲಿ ಅರ್ಜುನ ಪ್ರಶಸ್ತಿ ತಂದವರು. 1982ರಲ್ಲಿ ಬ್ರಿಸ್ಬೇನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದವರು. ನಿಮ್ಮ ಶಾಲೆಯ ಎಷ್ಟು ಮಕ್ಕಳಿಗೆ ಆ ಹೆಸರು ಗೊತ್ತು?

ಮೇಷ್ಟ್ರು: ಮಕ್ಕಳ ಮಾತು ಬಿಡಿ, ಮೇಷ್ಟ್ರುಗಳಿಗೇ ಗೊತ್ತಿಲ್ಲ. ಆದರೆ ನನ್ನ ಪ್ರಶ್ನೆ ತೂಕದ್ದು. ಮೂರು ಕಿಲೋ ಆಚೀಚೆಗೆ ಇಷ್ಟೊಂದು ರಾದ್ಧಾಂತ ಯಾಕೆ? ಒಂದು ವಾರ ಮದುವೆ ಊಟ ಉಂಡರೆ ಏರುತ್ತೆ, ಒಂದು ಜ್ವರ ಬಂದರೆ ಇಳಿಯುತ್ತೆ.

ಸುಬೇದಾರರು: ನೂರು ಕಿಲೋದ ಆಳಿಗೆ ಮೂರು ಕಿಲೋ ಲೆಕ್ಕಕ್ಕಿಲ್ಲ. 48 ಕಿಲೋದ ಹುಡುಗಿಗೆ ಅದು ಮೈತೂಕದ ಹದಿನಾರನೇ ಒಂದು ಪಾಲು. ಪೆಟ್ಟು ಹುಟ್ಟೋದು ಮುಷ್ಟಿಯಲ್ಲಿ ಅಲ್ಲ ಮೇಷ್ಟ್ರೇ. ಹಿಂಗಾಲಿನಲ್ಲಿ ಹುಟ್ಟಿ, ಸೊಂಟದಲ್ಲಿ ತಿರುಗಿ, ಭುಜದಿಂದ ಕೈಗೆ ಬರುತ್ತೆ. ಅಂದರೆ ಇಡೀ ಮೈಯೇ ಎದುರಾಳಿಯ ಮೇಲೆ ಬೀಳೋದು. ಜೊತೆಗೆ, ತೂಕ ಇದ್ದವರಿಗೆ ಸಾಮಾನ್ಯವಾಗಿ ಎತ್ತರವೂ ಇರುತ್ತೆ, ತೋಳೂ ಉದ್ದ ಇರುತ್ತೆ. ನೀವು ಅವರ ಹತ್ತಿರ ಹೋಗುವ ಮೊದಲೇ ಅವರ ಕೈ ನಿಮ್ಮ ಮೂಗಿಗೆ ಬಂದಿರುತ್ತೆ. ಸಣ್ಣ ಮೈಯವರಿಗೂ ನ್ಯಾಯ ಸಿಗಲಿ ಅಂತ ಮಾಡಿದ ಏರ್ಪಾಡು ಇದು.

ಮೇಷ್ಟ್ರು: ಹಾಗಿದ್ದರೆ ಒಂದೊಂದೇ ವಿಭಾಗ ದಾಟಿ ಮೇಲೆ ಹೋದವನೇ ದೊಡ್ಡ ಬಾಕ್ಸರ್ ಅಂತಾಯ್ತು. ಫಿಲಿಪ್ಪೀನ್ಸ್‌ನ ಮ್ಯಾನಿ ಪಕಿಯಾವೊ ಎಂಟು ವಿಭಾಗದಲ್ಲಿ ಚಾಂಪಿಯನ್ ಅಲ್ಲವಾ? ಅವನಿಗಿಂತ ದೊಡ್ಡವರು ಯಾರು?

ಸುಬೇದಾರರು: ಪಕಿಯಾವೊ ದೊಡ್ಡವನೇ, ಅದರಲ್ಲಿ ಎರಡು ಮಾತಿಲ್ಲ. 1998ರ ಡಿಸೆಂಬರಿನಲ್ಲಿ ಥಾಯ್ಲೆಂಡಿನ ಚಾಚಾಯ್ ಸಾಸಾಕುಲ್‌ನನ್ನು ಅವನ ದೇಶದಲ್ಲೇ ಎಂಟನೇ ಸುತ್ತಿನಲ್ಲಿ ಮಲಗಿಸಿ ಮೊದಲ ವಿಶ್ವ ಪಟ್ಟ ಗೆದ್ದ. ಅದು 112 ಪೌಂಡ್, ಅಂದರೆ ಹೆಚ್ಚುಕಡಿಮೆ ನಿಮ್ಮ ಹುಡುಗಿಯ 51 ಕಿಲೋ. ಮುಂದಿನ ವರ್ಷ ಅದೇ ತೂಕಕ್ಕೆ ಇಳಿಯೋಕೆ ಆಗಲಿಲ್ಲ. ಪಟ್ಟವನ್ನು ತಕ್ಕಡಿ ಮೇಲೆ ಕಳಕೊಂಡ, ರಿಂಗಿನಲ್ಲಿ ಮೂರನೇ ಸುತ್ತಿಗೆ ನೆಲಕ್ಕೂ ಬಿದ್ದ. ಆಮೇಲೆ ಮೇಲೆ ಹೋಗಿದ್ದು. ಮೈ ಬೆಳೆದಿತ್ತು, ಅದನ್ನು ಹಿಡಿದು ಕೂರಿಸೋಕೆ ಆಗುತ್ತಿರಲಿಲ್ಲ. 2010ರ ನವೆಂಬರಿನಲ್ಲಿ ಆಂಟೊನಿಯೊ ಮಾರ್ಗರಿಟೊನನ್ನು ಹೊಡೆದು 154 ಪೌಂಡಿನ ಪಟ್ಟವನ್ನೂ ಗೆದ್ದ.

ಮೇಷ್ಟ್ರು: 112ರಿಂದ 154! ಹತ್ತೊಂಬತ್ತು ಕಿಲೋ! ನೀವೇ ನನ್ನ ಮಾತಿಗೆ ಸಾಕ್ಷಿ ಹೇಳಿದಿರಿ.

ಸುಬೇದಾರರು: ಇನ್ನೂ ಮುಗಿದಿಲ್ಲ. ಆ ಮಾರ್ಗರಿಟೊ ಸೆಣಸು ನಡೆದದ್ದು 150 ಪೌಂಡಿನ ಕರಾರಿನ ಮೇಲೆ. ಪಕಿಯಾವೊ ತಕ್ಕಡಿ ಹತ್ತಿದಾಗ 145 ಪೌಂಡೂ ಇರಲಿಲ್ಲ. ಪಟ್ಟದ ಮೇಲೆ 154 ಅಂತ ಬರೆದಿತ್ತು, ಅಷ್ಟೆ. ಹಾಗಂತ ಗೆಲುವು ಹಗುರದ್ದು ಅಂತ ಅಲ್ಲ. ವೃತ್ತಿಪರರು ತೂಕ ಕೊಡೋದು ಸೆಣಸಿನ ಹಿಂದಿನ ದಿನ. ಮರುದಿನ ರಾತ್ರಿಯ ಹೊತ್ತಿಗೆ ಮಾರ್ಗರಿಟೊ ತಿಂದು ಕುಡಿದು ಹದಿನೈದು ಪೌಂಡ್ ಏರಿಸಿಕೊಂಡಿದ್ದ. ಈಗ 2008ರ ಡಿಸೆಂಬರಿಗೆ ಬನ್ನಿ. ಆಸ್ಕರ್ ಡಿ ಲಾ ಹೋಯಾ ಜೊತೆ 147 ಪೌಂಡಿನ ಸೆಣಸು. ಇವನು 135ರಿಂದ ಏರಿ ಬಂದವನು, ಡಿ ಲಾ ಹೋಯಾ ಮೇಲಿನ ವಿಭಾಗಗಳಲ್ಲಿ ಆಡಿ ಇಳಿದು ಬಂದವನು. ಎಲ್ಲರೂ ದೊಡ್ಡವನು ಸಣ್ಣವನನ್ನು ನುಂಗಿಬಿಡ್ತಾನೆ ಅಂದುಕೊಂಡರು. ಆದದ್ದೇನು? ಎಂಟು ಸುತ್ತು ಮುಗಿದ ಮೇಲೆ ಡಿ ಲಾ ಹೋಯಾ ಸ್ಟೂಲಿನಿಂದ ಏಳಲೇ ಇಲ್ಲ. ಇಳಿದು ಬಂದ ಮೈಯಲ್ಲಿ ಸತ್ವ ಉಳಿದಿರಲಿಲ್ಲ. ಒಂದು ತೂಕದಲ್ಲಿ ಇಬ್ಬರು ಎದುರಾದಾಗ ನಾನು ಮೊದಲು ಕೇಳೋದು, ಯಾರು ಮೇಲಿಂದ ಬಂದರು, ಯಾರು ಕೆಳಗಿಂದ ಬಂದರು ಅಂತ. ಎಷ್ಟು ವಿಭಾಗ ಅನ್ನೋದು ಆಮೇಲಿನ ಮಾತು.

ಮೇಷ್ಟ್ರು: ಅಂದರೆ ವಿಭಾಗದ ಲೆಕ್ಕಕ್ಕೆ ಬೆಲೆಯೇ ಇಲ್ಲವೇ?

ಸುಬೇದಾರರು: ಬೆಲೆ ಇದೆ, ಆದರೆ ಕಾಲ ನೋಡಿ ಕಟ್ಟಬೇಕು. ಅಮೆರಿಕದ ಹೆನ್ರಿ ಆರ್ಮ್‌ಸ್ಟ್ರಾಂಗ್ ಗೆದ್ದದ್ದು ಮೂರೇ ವಿಭಾಗ. ಆದರೆ 1938ರಲ್ಲಿ 126, 135, 147 ಪೌಂಡಿನ ಮೂರೂ ಪಟ್ಟ ಒಟ್ಟಿಗೇ ಅವನ ಕೈಯಲ್ಲಿದ್ದವು. ಆಗ ಇದ್ದ ಮುಖ್ಯ ವಿಭಾಗಗಳೇ ಎಂಟು. ಈಗ ವೃತ್ತಿಪರರಲ್ಲಿ ಹದಿನೇಳು ವಿಭಾಗ, ಪ್ರತಿಯೊಂದಕ್ಕೂ ಪಟ್ಟ ಕೊಡುವ ದೊಡ್ಡ ಸಂಸ್ಥೆಗಳು ನಾಲ್ಕು. ಮೆಟ್ಟಿಲು ಹತ್ತಿರ ಹತ್ತಿರ ಆಗಿವೆ. ಬರೀ ಮೆಟ್ಟಿಲು ಎಣಿಸಿದರೆ ಆರ್ಮ್‌ಸ್ಟ್ರಾಂಗ್‌ಗೆ ಅನ್ಯಾಯ ಆಗುತ್ತೆ. ಅದಿರಲಿ, ನಿಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಅಮೆರಿಕದಲ್ಲಿ ಇಲ್ಲ, ಮಣಿಪುರದಲ್ಲಿದೆ.

ಮೇಷ್ಟ್ರು: ಮೇರಿ ಕೋಮ್.

ಸುಬೇದಾರರು: ಅವಳೇ. ಅವಳ ತೂಕದ ಚರಿತ್ರೆ ಕೇಳಿ. 2001ರಲ್ಲಿ ಅಮೆರಿಕದ ಸ್ಕ್ರಾಂಟನ್‌ನಲ್ಲಿ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್. 48 ಕಿಲೋದಲ್ಲಿ ಫೈನಲ್‌ಗೆ ಹೋಗಿ ಟರ್ಕಿಯ ಹುಲ್ಯಾ ಶಾಹಿನ್ ಕೈಲಿ ಸೋತಳು. ಬೆಳ್ಳಿ. ಮರುವರ್ಷ ಟರ್ಕಿಯ ಅಂಟಾಲ್ಯದಲ್ಲಿ 45 ಕಿಲೋ. ಉತ್ತರ ಕೊರಿಯಾದ ಜಾಂಗ್ ಸಾಂಗ್ ಏ ವಿರುದ್ಧ ಗೆದ್ದು ಚಿನ್ನ. 2005ರಲ್ಲಿ ರಷ್ಯದ ಪೊಡೊಲ್ಸ್ಕ್, 2006ರಲ್ಲಿ ದಿಲ್ಲಿ, 2008ರಲ್ಲಿ ಚೀನಾದ ನಿಂಗ್ಬೊ, ಮೂರೂ ಕಡೆ 46 ಕಿಲೋ, ಮೂರೂ ಕಡೆ ಚಿನ್ನ. 2010ರಲ್ಲಿ ಬಾರ್ಬಡೋಸ್‌ನಲ್ಲಿ 48 ಕಿಲೋ, ಐದನೇ ಚಿನ್ನ.

ಮೇಷ್ಟ್ರು: ನಿಲ್ಲಿ ನಿಲ್ಲಿ. 48ರಿಂದ 45ಕ್ಕೆ ಇಳಿದಳು, 46ಕ್ಕೆ ಏರಿದಳು, ಮತ್ತೆ 48. ಮೆಟ್ಟಿಲು ಹತ್ತಿದ ಹಾಗೆ ಕಾಣೋದೇ ಇಲ್ಲವಲ್ಲ?

ಸುಬೇದಾರರು: ಪಕಿಯಾವೊ ಮೈ ಬೆಳೆದ ಹಾಗೆ ಏರಿದ. ಮೇರಿಯ ಮೈ ಬೆಳೆಯಲಿಲ್ಲ, ವಿಭಾಗಗಳ ಬಾಗಿಲು ಬದಲಾಗ್ತಾ ಹೋಯ್ತು. ಅವಳು ಆ ಬಾಗಿಲು ಹುಡುಕಿಕೊಂಡು ಓಡಾಡಿದಳು. ನಡುವೆ 2007ರಲ್ಲಿ ಅವಳಿ ಮಕ್ಕಳು ಹುಟ್ಟಿದರು. ವಾಪಸ್ ಬಂದು ನಿಂಗ್ಬೊದಲ್ಲಿ ಗೆದ್ದದ್ದು ಆ ಹೆರಿಗೆಯ ಮರುವರ್ಷ. 2006, 2008, 2010, ಮೂರು ಫೈನಲ್‌ನಲ್ಲೂ ಎದುರಿಗೆ ಇದ್ದದ್ದು ರೊಮೇನಿಯಾದ ಸ್ಟೆಲುಟಾ ಡುಟಾ. ಮೊದಲೆರಡು 46ರಲ್ಲಿ, ಮೂರನೆಯದು 48ರಲ್ಲಿ. ಇಬ್ಬರೂ ಒಟ್ಟಿಗೇ ಏರಿದರು ನೋಡಿ.

ಮೇಷ್ಟ್ರು: ಪಾಪ ಡುಟಾ! ಮೂರು ಸಲ ಒಬ್ಬಳ ಕೈಲೇ. ಹಾಗಾದರೆ ಈ ಸೆಣಸುಗಳಲ್ಲಿ ನೆನಪಿಡುವಂಥದ್ದು ಯಾವುದು?

ಸುಬೇದಾರರು: ಇವು ಯಾವುದೂ ಅಲ್ಲ.

ಮೇಷ್ಟ್ರು: ಐದು ವಿಶ್ವ ಚಿನ್ನ, ಒಂದೂ ಅಲ್ಲವಾ?

ಸುಬೇದಾರರು: ಅವು ಅವಳ ಸ್ವಂತ ತೂಕದ ಅಂಗಳದಲ್ಲಿ ಗೆದ್ದವು. ಅಲ್ಲಿ ಅವಳೇ ರಾಣಿ. ನಾನು ಹೇಳೋದು ಅಂಗಳ ಬಿಟ್ಟು ಹೋದಾಗಿನದು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರ ಬಾಕ್ಸಿಂಗ್ ಸೇರಿಸಿದರು. ಗಂಡಸರಿಗೆ ಹತ್ತು ವಿಭಾಗ, ಹೆಂಗಸರಿಗೆ ಬರೀ ಮೂರು: 51, 60, 75. ನಡುವೆ ಒಂಬತ್ತು ಕಿಲೋ, ಹದಿನೈದು ಕಿಲೋ ಅಂತರ. 46, 48, 54, 57ರವರೆಲ್ಲ ಎಲ್ಲಿಗೆ ಹೋಗಬೇಕು? ಒಂದೋ ಇಳೀಬೇಕು, ಇಲ್ಲವೋ ಏರಬೇಕು, ಇಲ್ಲವೋ ಮನೆಯಲ್ಲಿ ಕೂರಬೇಕು. ಅಲ್ಲಿ ನೋಡಿ, ನಮ್ಮ ಗೋದಾಮಿನ ಕಾಫಿ ಚೀಲ. ಐವತ್ತು ಕಿಲೋ. ಮೇರಿ ಆ ಚೀಲಕ್ಕಿಂತ ಹಗುರ. ಎತ್ತರ ಐದಡಿ ಎರಡಂಗುಲ. ಅವಳು ಅದಕ್ಕಿಂತ ಭಾರದವರ ಜೊತೆ ನಿಲ್ಲಬೇಕಾಯ್ತು.

ಮೇಷ್ಟ್ರು: ಸುಮ್ಮನೆ ತಿಂದು ಮೂರು ಕಿಲೋ ಏರಿಸಿಕೊಂಡರೆ ಆಯ್ತಲ್ಲ?

ಸುಬೇದಾರರು: ಕೊಬ್ಬು ಏರಿಸಬಹುದು ಮೇಷ್ಟ್ರೇ, ತೋಳಿನ ಉದ್ದ ಏರಿಸೋಕಾಗುತ್ತಾ? ಮೇರಿ ಎತ್ತರದ ಹುಡುಗರ ಜೊತೆ ಸ್ಪಾರಿಂಗ್ ಮಾಡಿದಳು. 2010ರಲ್ಲಿ ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ 51 ಕಿಲೋದಲ್ಲಿ ಇಳಿದಳು, ಚೀನಾದ ರೆನ್ ಕಾನ್‌ಕಾನ್ ಕೈಲಿ ಸೋತು ಕಂಚು. ಆ ಸೋಲು ಪಾಠಶಾಲೆ. 2012ರಲ್ಲಿ ಮಂಗೋಲಿಯಾದ ಏಷ್ಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅದೇ ರೆನ್‌ಳನ್ನು ಹೊಡೆದಳು. ಆಮೇಲೆ ಮೇ ತಿಂಗಳಲ್ಲಿ ಚೀನಾದ ಚಿನ್‌ಹುವಾಂಗ್‌ಡಾವೊದಲ್ಲಿ ವಿಶ್ವ ಚಾಂಪಿಯನ್‌ಷಿಪ್, ಒಲಿಂಪಿಕ್ಸ್‌ಗೆ ಅರ್ಹತೆ ಕೊಡುವ ಕೂಟ. ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡಿನ ನಿಕೋಲಾ ಆಡಮ್ಸ್ ಎದುರು 11-13ರಿಂದ ಸೋತಳು. ಬಾಗಿಲು ಮುಚ್ಚಿತು ಅಂತಲೇ ಎಲ್ಲರೂ ತಿಳಿದದ್ದು. ಆಡಮ್ಸ್ ಮುಂದೆ ಗೆದ್ದದ್ದರಿಂದ ಮೇರಿಗೆ ಜಾಗ ಸಿಕ್ಕಿತು. ಹಾಗೆ ಎರಡು ಪಾಯಿಂಟಿನಿಂದ ಸೋತವಳು, ಸೋಲಿಸಿದವಳ ಗೆಲುವಿನಿಂದ ಲಂಡನ್ನಿಗೆ ಹೋದಳು.

ಮೇಷ್ಟ್ರು: ಲಂಡನ್ನಿನದು ನನಗೆ ನೆನಪಿದೆ. ಸೆಮಿಫೈನಲ್‌ನಲ್ಲಿ ಅದೇ ಆಡಮ್ಸ್ ಕೈಲಿ ಸೋತು ಕಂಚು.

ಸುಬೇದಾರರು: ಎಲ್ಲರಿಗೂ ನೆನಪಿರೋದು ಆ ಕಂಚು, ಆ ಸೆಮಿಫೈನಲ್. ನಾನು ನೆನಪಿಡು ಅನ್ನೋದು ಆಗಸ್ಟ್ 5ರ ಮೊದಲ ಸೆಣಸು. ಪೋಲೆಂಡಿನ ಕರೋಲಿನಾ ಮಿಖಾಲ್‌ಚುಕ್. ಯಾರು ಅವಳು? 2008ರಲ್ಲಿ ನಿಂಗ್ಬೊದಲ್ಲಿ 54 ಕಿಲೋದ ವಿಶ್ವ ಚಾಂಪಿಯನ್. ಅದೇ ಊರಿನಲ್ಲಿ, ಅದೇ ವಾರ ಮೇರಿ 46 ಕಿಲೋದ ಚಾಂಪಿಯನ್. ಇಬ್ಬರ ನಡುವೆ ಎಂಟು ಕಿಲೋ ಅಂತರ ಇತ್ತು, ಅವತ್ತು ಇವರಿಬ್ಬರನ್ನು ಒಂದೇ ರಿಂಗಿಗೆ ಬಿಟ್ಟಿದ್ದರೆ ಜನ ಬೈಯುತ್ತಿದ್ದರು. ನಾಲ್ಕು ವರ್ಷದ ಮೇಲೆ ಅವಳು ಇಳಿದು ಬಂದಳು, ಇವಳು ಏರಿ ಬಂದಳು, 51ರಲ್ಲಿ ಮುಖಾಮುಖಿ. ನಿಕೋಲಾ ಆಡಮ್ಸ್ ಕೂಡ ಮೇಲಿಂದ ಇಳಿದವಳೇ. ನಿಂಗ್ಬೊದ 54 ಕಿಲೋ ಫೈನಲ್‌ನಲ್ಲಿ ಮಿಖಾಲ್‌ಚುಕ್‌ಗೆ ಸೋತವಳು ಆಡಮ್ಸ್.

ಮೇಷ್ಟ್ರು: ಅಯ್ಯೋ! ಹಾಗಾದರೆ ಲಂಡನ್ನಿನಲ್ಲಿ ಮೇರಿ ಹೊಡೆದಾಡಿದ್ದು 54 ಕಿಲೋದ ಫೈನಲಿಸ್ಟ್‌ಗಳಿಬ್ಬರ ಜೊತೆಗೂ!

ಸುಬೇದಾರರು: ಈಗ ಅರ್ಥವಾಯ್ತಾ? ಒಬ್ಬಳನ್ನು ಗೆದ್ದಳು, ಒಬ್ಬಳಿಗೆ ಸೋತಳು. ಮಿಖಾಲ್‌ಚುಕ್ ಸೆಣಸು ನೋಡಿದರೆ ಬುದ್ಧಿ ಹೇಗೆ ತೂಕವನ್ನು ತೂಗಿತು ಅಂತ ಗೊತ್ತಾಗುತ್ತೆ. ಎರಡೆರಡು ನಿಮಿಷದ ನಾಲ್ಕು ಸುತ್ತು. ಆಗ ಪಾಯಿಂಟು ಲೆಕ್ಕ ಗುಂಡಿ ಒತ್ತುವ ಯಂತ್ರದ್ದು, ಸರಿಯಾಗಿ ತಾಗಿದ ಪೆಟ್ಟಿಗೆ ಮಾತ್ರ ಪಾಯಿಂಟು, ಎಷ್ಟು ಜೋರು ಅಂತ ಕೇಳೋದಿಲ್ಲ. ಮೇರಿ ಎಡಗೈ ನಿಲುವಿನವಳು. ದೊಡ್ಡವಳ ಕೈಯಳತೆಯಲ್ಲಿ ನಿಂತರೆ ಕೆಟ್ಟಳು. ಅದಕ್ಕೆ ನಿಲ್ಲೋದೇ ಇಲ್ಲ. ಒಳಗೆ ನುಗ್ಗು, ಎರಡು ಕೊಡು, ಅವಳು ಕೈ ಬೀಸುವಷ್ಟರಲ್ಲಿ ಪಕ್ಕಕ್ಕೆ ಸರಿ. ಅವಳು ಅಟ್ಟಿಕೊಂಡು ಬರಲಿ, ಬರುವವಳ ಮೇಲೆ ಇನ್ನೊಂದು ಕೊಡು. 19-14. ಅವತ್ತು ಅವಳ ಅವಳಿ ಮಕ್ಕಳ ಐದನೇ ಹುಟ್ಟುಹಬ್ಬ. ಮರುದಿನ ಟುನೀಸಿಯಾದ ಮರೂವಾ ರಹಾಲಿ ವಿರುದ್ಧ 15-6, ಪದಕ ಖಾತ್ರಿ.

ಮೇಷ್ಟ್ರು: ಅದೇ ಬುದ್ಧಿ ಆಡಮ್ಸ್ ಎದುರು ಯಾಕೆ ನಡೆಯಲಿಲ್ಲ?

ಸುಬೇದಾರರು: ಆಡಮ್ಸ್ ಅಟ್ಟಿಕೊಂಡು ಬರಲಿಲ್ಲ, ಅದಕ್ಕೆ. ಎತ್ತರ ಇದ್ದವಳು, ತೋಳು ಇದ್ದವಳು, ದೂರ ನಿಂತು ಮೇರಿಯೇ ಬರಲಿ ಅಂತ ಕಾದಳು. ಸಣ್ಣವಳು ಮುಂದೆ ಹೋಗಲೇಬೇಕಾದಾಗ ಕೈಯಳತೆಯ ಸಾಲ ತೀರಿಸಲೇಬೇಕು. 6-11. ಆಡಮ್ಸ್ ಫೈನಲ್‌ನಲ್ಲಿ ರೆನ್ ಕಾನ್‌ಕಾನ್‌ಳನ್ನು 16-7ರಿಂದ ಹೊಡೆದು ಒಲಿಂಪಿಕ್ಸ್‌ನ ಮೊದಲ ಮಹಿಳಾ ಬಾಕ್ಸಿಂಗ್ ಚಾಂಪಿಯನ್ ಆದಳು. 48 ಕಿಲೋ ವಿಭಾಗ ಅಲ್ಲಿ ಇದ್ದಿದ್ದರೆ ಮೇರಿಯ ಪದಕದ ಬಣ್ಣ ಯಾವುದಾಗುತ್ತಿತ್ತು ಅಂತ ನೀವೇ ಹೇಳಿ.

ಮೇಷ್ಟ್ರು: ಇದ್ದಿದ್ದರೆ, ಆಗಿದ್ದರೆ ಅನ್ನೋದು ಆಟದಲ್ಲಿ ನಡೆಯೋಲ್ಲ ಸುಬೇದಾರ್ರೇ. ನನ್ನ ಲೆಕ್ಕದಲ್ಲಿ ಮೇರಿಯ ದೊಡ್ಡ ಸೆಣಸು 2018ರದ್ದು. ದಿಲ್ಲಿಯಲ್ಲಿ ಆರನೇ ವಿಶ್ವ ಚಿನ್ನ. ನಾನು ಟೀವಿಯಲ್ಲಿ ನೋಡಿದೆ, ಅವಳು ಅಳುತ್ತಾ ನಿಂತದ್ದನ್ನೂ ನೋಡಿದೆ.

ಸುಬೇದಾರರು: ಉಕ್ರೇನಿನ ಹನ್ನಾ ಒಖೋಟಾ ವಿರುದ್ಧ 5-0. ಮೂರು ಮಕ್ಕಳ ತಾಯಿ, 35 ವರ್ಷ. ಎದುರಿಗೆ ಇದ್ದವಳು ಅವಳಿಗಿಂತ ತೀರಾ ಚಿಕ್ಕವಳು. ಆರು ವಿಶ್ವ ಚಿನ್ನ ಅಂದರೆ ಗಂಡಸರಲ್ಲಿ ಕ್ಯೂಬಾದ ಫೆಲಿಕ್ಸ್ ಸಾವೊನ್ ಮಾಡಿದ ದಾಖಲೆಗೆ ಸಮ. ಆದರೆ ತೂಕ ನೋಡಿ, 48. ಮನೆಗೆ ವಾಪಸ್ ಬಂದಿದ್ದಳು. 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಕಜಕಸ್ತಾನದ ಜೈನಾ ಶೆಕರ್‌ಬೆಕೋವಾ ವಿರುದ್ಧ ಗೆದ್ದು 51ರಲ್ಲೇ ಚಿನ್ನ ತಂದಳು, ಅದನ್ನು ಮರೆಯೋ ಹಾಗಿಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಬಾಕ್ಸಿಂಗ್ ಚಿನ್ನ ಗೆದ್ದ ಭಾರತದ ಮೊದಲ ಹೆಣ್ಣು. ಆದರೆ 2016ರ ರಿಯೊಗೆ ಅದೇ 51ರಲ್ಲಿ ಅರ್ಹತೆ ಸಿಗಲಿಲ್ಲ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಹೆಂಗಸರಿಗೆ 48 ಕಿಲೋ ಸೇರಿಸಿದರು. ಬಾಗಿಲು ತೆರೆಯಿತು, ಹೋದಳು, ಚಿನ್ನ ತಂದಳು.

ಮೇಷ್ಟ್ರು: ಅದಕ್ಕೇ ನನ್ನ ಮಾತು. ಇಳಿದಾಗ ಚಿನ್ನ, ಏರಿದಾಗ ಕಂಚು. ಹಾಗಾದರೆ ನಮ್ಮ ಹುಡುಗಿಯೂ 48ಕ್ಕೆ ಇಳಿಯೋದೇ ಸರಿ.

ಸುಬೇದಾರರು: ಅಲ್ಲೇ ತಪ್ಪೋದು ಎಲ್ಲರೂ. ಮೇರಿ 48ಕ್ಕೆ ಇಳಿದದ್ದಲ್ಲ, 48 ಅವಳ ಮೈಯ ತೂಕ. ಅವಳು 51ಕ್ಕೆ ಹೋದದ್ದೇ ಪರದೇಶಕ್ಕೆ ಹೋದ ಹಾಗೆ. ನಿಮ್ಮ ಹುಡುಗಿಯ ಮೈ ಎಲ್ಲಿದೆ?

ಮೇಷ್ಟ್ರು: ಐವತ್ತು ಅಂದೆನಲ್ಲ. ಇನ್ನೂ ಬೆಳೆಯೋ ವಯಸ್ಸು. ಅವರಮ್ಮನೂ ಎತ್ತರದ ಹೆಂಗಸು.

ಸುಬೇದಾರರು: ತೂಕ ಇಳಿಸೋದು ಹೇಗೆ ಅಂತ ಗೊತ್ತಾ ನಿಮಗೆ? ನಾನು ರೆಜಿಮೆಂಟಿನಲ್ಲಿ ಬಾಕ್ಸಿಂಗ್ ಆಡುವಾಗ ನೋಡಿದ್ದೇನೆ, ಮಾಡಿಯೂ ಇದ್ದೇನೆ. ಎರಡು ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿಕೊಂಡು ಬಿಸಿಲಲ್ಲಿ ಓಡೋದು. ನೀರು ಬಂದ್. ಬಾಯಿ ಒಣಗಿದರೆ ಒಂದು ಗುಟುಕು ಹಾಕಿ ಮುಕ್ಕಳಿಸಿ ಉಗೀಬೇಕು, ನುಂಗೋ ಹಾಗಿಲ್ಲ. ತಕ್ಕಡಿಯ ಪಕ್ಕ ಒಂದು ಡಬ್ಬ ಇಟ್ಟಿರುತ್ತಿದ್ದರು, ಕೊನೆಯ ಐವತ್ತು ಗ್ರಾಮಿಗೆ ಹುಡುಗರು ಅದರಲ್ಲಿ ಉಗುಳುತ್ತಾ ಕೂರೋರು. ಚಡ್ಡಿ ಬಿಚ್ಚಿ ಟವೆಲ್ ಅಡ್ಡ ಹಿಡಿದು ತಕ್ಕಡಿ ಹತ್ತೋದು. ಮುಳ್ಳು ಸರಿಯಾದ ಜಾಗಕ್ಕೆ ನಿಂತರೆ ಚಪ್ಪಾಳೆ. ಸಾಯಂಕಾಲ ರಿಂಗಿಗೆ ಹೋದರೆ ಕಾಲಲ್ಲಿ ರಕ್ತವೇ ಇಲ್ಲದ ಹಾಗೆ. ಕಣ್ಣಿಗೆ ಪೆಟ್ಟು ಬರೋದು ಕಾಣುತ್ತೆ, ತಲೆ ಸರಿಸೋಕೆ ಮೈ ಕೇಳೋದಿಲ್ಲ. ಇಳಿದದ್ದು ಕೊಬ್ಬಲ್ಲ ಮೇಷ್ಟ್ರೇ, ನೀರು. ನೀರಿಲ್ಲದ ಮೈಗೆ, ನೀರಿಲ್ಲದ ತಲೆಗೆ ಪೆಟ್ಟು ಬಿದ್ದರೆ ಅದು ಆಟ ಅಲ್ಲ.

ಮೇಷ್ಟ್ರು: ಆದರೆ ಮೇರಿಯೂ ಹಾಗೆ ಇಳಿಸಿದವಳೇ ಅಲ್ಲವಾ? ಪೋಲೆಂಡಿನಲ್ಲಿ ನಾಲ್ಕು ಗಂಟೆಯಲ್ಲಿ ಎರಡು ಕಿಲೋ ಇಳಿಸಿದಳು ಅಂತ ಪೇಪರಿನಲ್ಲಿ ದೊಡ್ಡದಾಗಿ ಬಂದಿತ್ತು. ಆ ಕತ್ತರಿಸಿದ ಪೇಪರು ನಮ್ಮ ಹುಡುಗಿಯ ಪುಸ್ತಕದೊಳಗೇ ಇದೆ.

ಸುಬೇದಾರರು: 2018ರ ಸೆಪ್ಟೆಂಬರ್, ಗ್ಲಿವಿತ್ಸೆ ಊರಿನ ಕೂಟ. ಬೆಳಗಿನ ಜಾವ ವಿಮಾನ ಇಳಿದದ್ದು, ಏಳೂವರೆಗೆ ತೂಕ ಕೊಡಬೇಕು, ಎರಡು ಕಿಲೋ ಹೆಚ್ಚು. ಒಂದು ಗಂಟೆ ಬಿಡದೆ ಸ್ಕಿಪ್ಪಿಂಗ್ ಮಾಡಿ ಇಳಿಸಿದಳು, ಚಿನ್ನವನ್ನೂ ಗೆದ್ದಳು. ನಿಜ. ಆದರೆ ಅವಳಿಗಾಗ 35 ವರ್ಷ. ಮೈ ಬೆಳೆದು ನಿಂತು ಎಷ್ಟೋ ಕಾಲ ಆಗಿತ್ತು, ತನ್ನ ಮೈಯ ಒಂದೊಂದು ಗ್ರಾಮಿನ ಗುಟ್ಟೂ ಅವಳಿಗೆ ಗೊತ್ತಿತ್ತು. ಅದು ಪ್ರಯಾಣದಲ್ಲಿ ಏರಿದ ತೂಕ, ಅವಳ ವಿಭಾಗದ್ದಲ್ಲ. ಆ ಸಾಹಸವನ್ನು ಪಾಠ ಅಂತ ಹದಿನಾರರ ಹುಡುಗಿ ಓದಿದರೆ ಅಪಾಯ. ಹುಡುಗಿಯ ಮೂಳೆ, ಮುಟ್ಟು, ಎತ್ತರ ಎಲ್ಲ ಇನ್ನೂ ಆಗ್ತಾ ಇರೋ ಕೆಲಸ. ಈಗ ಅನ್ನ ನೀರು ಹಿಡಿದರೆ ಆ ಕೆಲಸವೇ ನಿಲ್ಲುತ್ತೆ.

ಮೇಷ್ಟ್ರು: ಸರಿ. ಹಾಗಾದರೆ ಕೊನೆಗೆ ಟೋಕಿಯೊ. ಅಲ್ಲಿ ಮತ್ತೆ 51.

ಸುಬೇದಾರರು: ಟೋಕಿಯೊದಲ್ಲಿ ಹೆಂಗಸರಿಗೆ ಐದು ವಿಭಾಗ ಮಾಡಿದರು, 48 ಇರಲಿಲ್ಲ. ಮೇರಿ ಮತ್ತೆ ಏರಿದಳು. 2019ರಲ್ಲಿ ರಷ್ಯದ ಉಲಾನ್ ಉಡೆಯಲ್ಲಿ ವಿಶ್ವ ಚಾಂಪಿಯನ್‌ಷಿಪ್. ಕ್ವಾರ್ಟರ್ ಫೈನಲ್‌ನಲ್ಲಿ ಕೊಲಂಬಿಯಾದ ಇನ್‌ಗ್ರಿಟ್ ವಲೆನ್ಸಿಯಾ ವಿರುದ್ಧ 5-0 ಗೆಲುವು, ಸೆಮಿಫೈನಲ್‌ನಲ್ಲಿ ಟರ್ಕಿಯ ಬುಸೆನಾಜ್ ಚಾಕಿರೋಗ್ಲು ಎದುರು 1-4 ಸೋಲು. ವಿಶ್ವ ಕೂಟದಲ್ಲಿ ಎಂಟನೇ ಪದಕ. ಆ ಡಿಸೆಂಬರಿನಲ್ಲಿ ಆಯ್ಕೆ ಪಂದ್ಯ ಬೇಕು ಅಂತ ದನಿ ಎತ್ತಿದ ನಿಖತ್ ಜರೀನ್‌ಳನ್ನು 9-1ರಿಂದ ಸೋಲಿಸಿದಳು. ಟೋಕಿಯೊದಲ್ಲಿ ಎರಡನೇ ಸೆಣಸಿಗೆ ಮತ್ತೆ ವಲೆನ್ಸಿಯಾ. 2021ರ ಜುಲೈ 29. ಮೊದಲ ಸುತ್ತನ್ನು ಐವರಲ್ಲಿ ನಾಲ್ವರು ತೀರ್ಪುಗಾರರು ವಲೆನ್ಸಿಯಾಗೆ ಕೊಟ್ಟರು. ಎರಡು, ಮೂರನೇ ಸುತ್ತು ತಲಾ 3-2ರಿಂದ ಮೇರಿಗೆ.

ಮೇಷ್ಟ್ರು: ಮೂರರಲ್ಲಿ ಎರಡು ಸುತ್ತು ಗೆದ್ದೂ ಸೋತಳು. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸುಬೇದಾರರು: ಮತ ಎಣಿಸಿ. ಮೂರು ಸುತ್ತು, ಐದು ತೀರ್ಪುಗಾರರು, ಹದಿನೈದು ಮತ. ಮೇರಿಗೆ ಒಂದು, ಮೂರು, ಮೂರು, ಒಟ್ಟು ಏಳು. ವಲೆನ್ಸಿಯಾಗೆ ಎಂಟು. ಪ್ರತಿ ತೀರ್ಪುಗಾರರೂ ಮೂರು ಸುತ್ತಿನ ಪಾಯಿಂಟು ಕೂಡಿ ಒಬ್ಬರನ್ನು ಆರಿಸ್ತಾರೆ. ಹಾಗೆ 3-2 ಆಯ್ತು. ಮೇರಿ ತಾನೇ ಗೆದ್ದೆ ಅಂದುಕೊಂಡು ಕೈ ಎತ್ತಿದ್ದಳು, ಸೋತದ್ದು ಆಮೇಲೆ ಗೊತ್ತಾಯ್ತು. ಎರಡು ವರ್ಷದ ಹಿಂದೆ 5-0ಯಿಂದ ಹೊಡೆದವಳ ಕೈಲಿ, ಮೊದಲ ಮೂರು ನಿಮಿಷ ನಿಧಾನ ಮಾಡಿದ್ದಕ್ಕೆ.

ಮೇಷ್ಟ್ರು: ಬಾಕ್ಸಿಂಗ್ ದೊಡ್ಡ ಕ್ರೂರಿ ಆಟ ಮಾರಾಯ್ರೇ. ಹಾಕಿಯಲ್ಲಿ ಕೊನೇ ನಿಮಿಷದಲ್ಲಿ ಗೋಲು ಹೊಡೆದು ಉಳಕೊಳ್ಳಬಹುದು.

ಸುಬೇದಾರರು: ಹೌದು. ಆದರೆ ನ್ಯಾಯ ಸ್ವಲ್ಪ ಸ್ವಲ್ಪವಾಗಿ ಬರ್ತಾ ಇದೆ. ಲಂಡನ್ನಿನಲ್ಲಿ ಹೆಂಗಸರಿಗೆ ಮೂರು ವಿಭಾಗ, ರಿಯೊದಲ್ಲಿ ಮೂರು, ಟೋಕಿಯೊದಲ್ಲಿ ಐದು, 2024ರ ಪ್ಯಾರಿಸ್‌ನಲ್ಲಿ ಆರು. ಪ್ಯಾರಿಸ್‌ನಲ್ಲಿ ಕೆಳಗಿನ ವಿಭಾಗ 50 ಕಿಲೋ. ಆಯ್ಕೆ ಪಂದ್ಯದಲ್ಲಿ 9-1ರಿಂದ ಸೋತಿದ್ದ ನಿಖತ್ 2022ರಲ್ಲಿ 52 ಕಿಲೋ, 2023ರಲ್ಲಿ 50 ಕಿಲೋ ವಿಶ್ವ ಚಾಂಪಿಯನ್ ಆದಳು. ನಿಯಮ ಬದಲಾಗ್ತಾ ಇರುತ್ತೆ. ಇವತ್ತಿನ 48, 51 ನಂಬಿಕೊಂಡು ಮಗುವಿನ ಮೈ ಕೊರೆದರೆ ನಾಳೆ ಆ ವಿಭಾಗವೇ ಇಲ್ಲದೆ ಹೋಗಬಹುದು.

ಮೇಷ್ಟ್ರು: ಹಾಗಾದರೆ ಮೇರಿಯ ದೊಡ್ಡ ಸೆಣಸು ಮಿಖಾಲ್‌ಚುಕ್‌ದೇ ಅಂತೀರಾ? ನಾನು ಒಪ್ಪೋಲ್ಲ. ದಿಲ್ಲಿಯ ಆರನೇ ಚಿನ್ನ ನನಗೆ ದೊಡ್ಡದು. ತನ್ನ ಅಂಗಳ ಆದರೇನು, ಹದಿನೇಳು ವರ್ಷ ಅದನ್ನು ಬಿಟ್ಟುಕೊಡದೆ ಕಾಯ್ದುಕೊಂಡಳಲ್ಲ? ಪರದೇಶದಲ್ಲಿ ಗೆದ್ದವರನ್ನಷ್ಟೇ ಹೊಗಳೋದು ಸೈನಿಕರ ಚಾಳಿ.

ಸುಬೇದಾರರು: ಅದೂ ಸರಿಯೇ. ನೀವು ಕಾಯ್ದುಕೊಂಡದ್ದನ್ನು ಮೆಚ್ಚಿ, ನಾನು ದಾಟಿದ್ದನ್ನು ಮೆಚ್ಚುತ್ತೇನೆ. ಇಬ್ಬರೂ ಒಪ್ಪಬೇಕಾದ್ದು ಒಂದೇ: ಅವಳು 51ಕ್ಕೆ ಏರಿದ್ದು, 48ಕ್ಕೆ ಮರಳಿದ್ದು ಎರಡೂ ಚಾಂಪಿಯನ್ ಆದ ಮೇಲೆ, ಮೈ ಬಲಿತ ಮೇಲೆ. ಮೊದಲು ಕಾಲು, ಕಣ್ಣು, ದೂರದ ಅಂದಾಜು ಕಲಿತಳು. ಅದು ಇದ್ದದ್ದರಿಂದ ಯಾವ ತೂಕಕ್ಕೆ ಹೋದರೂ ಬದುಕಿದಳು. ಅದಿಲ್ಲದವರು ತೂಕ ಇಳಿಸಿ ಗೆದ್ದರೆ ಜಿಲ್ಲಾ ಮಟ್ಟದಲ್ಲಿ ಒಂದು ಕಪ್ ಸಿಗುತ್ತೆ, ಅಷ್ಟೆ.

ಮೇಷ್ಟ್ರು: ಹುಡುಗಿಯ ಅಪ್ಪನಿಗೆ ಏನು ಹೇಳಲಿ, ಒಂದೇ ಮಾತಲ್ಲಿ ಹೇಳಿ.

ಸುಬೇದಾರರು: 51ರಲ್ಲೇ ಆಡಲಿ. ಬೆಳೆದು 54 ಆದರೆ 54ರಲ್ಲಿ ಆಡಲಿ. ಮೂರು ಹೊತ್ತು ಉಣ್ಣಲಿ, ಬೇಕಾದಷ್ಟು ನೀರು ಕುಡಿಯಲಿ. ಈ ವರ್ಷ ಸೋತರೆ ಸೋಲಲಿ, ದೊಡ್ಡವರ ಎದುರು ಸೋತು ಕಲಿತದ್ದು ಆಮೇಲೆ ಕೈಗೆ ಬರುತ್ತೆ. ಮಿಕ್ಕ ತಂದೆತಾಯಿಗಳಿಗೂ ನಿಮ್ಮ ಶಾಲೆಯ ಸಭೆಯಲ್ಲಿ ಹೇಳಿಬಿಡಿ: ಕುಸ್ತಿಯೋ ಬಾಕ್ಸಿಂಗೋ ಜೂಡೋವೋ, ಬೆಳೆಯುವ ಮಗುವಿಗೆ ನೀರು ಬಿಡಿಸಿ ತೂಕ ಇಳಿಸುವವರು ಸಿಕ್ಕಿದರೆ, ಎಷ್ಟೇ ಪದಕದ ಆಸೆ ತೋರಿಸಲಿ, ಮಗುವನ್ನು ಅವತ್ತೇ ಅಲ್ಲಿಂದ ಬಿಡಿಸಿ.